ಬೆಳಿಗ್ಗೆ ನಡೆದದ್ದು ದಿನವಿಡೀ ಕೂತರೆ ನೀರುಪಾಲೇ?

ಪ್ರಶ್ನೆ: ನನಗೆ 41 ವರ್ಷ, ಲೆಕ್ಕಪತ್ರದ ಕೆಲಸ. ವಾರಕ್ಕೆ ಐದು ದಿನ ಬೆಳಿಗ್ಗೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುತ್ತೇನೆ. ಸಿಗರೇಟು, ಮದ್ಯ ಯಾವುದೂ ಇಲ್ಲ. ಆದರೆ ಒಂಬತ್ತಕ್ಕೆ ಕಂಪ್ಯೂಟರ್ ಮುಂದೆ ಕೂತರೆ ಏಳುವುದು ಊಟಕ್ಕೆ, ಮತ್ತೆ ಕೂತರೆ ಸಂಜೆಗೆ. ದಿನಕ್ಕೆ ಹತ್ತು ಗಂಟೆ ಆಗೇ ಆಗುತ್ತದೆ, ತಿಂಗಳ ಕೊನೆಯಲ್ಲಿ ಹನ್ನೆರಡು. 'ಕೂರುವುದು ಸಿಗರೇಟಿನಷ್ಟೇ ಕೆಟ್ಟದ್ದು, ವ್ಯಾಯಾಮದಿಂದಲೂ ಅದು ಸರಿಹೋಗುವುದಿಲ್ಲ' ಎಂಬ ವಾಟ್ಸ್ಆ್ಯಪ್ ಸಂದೇಶ ಓದಿ ಹೆದರಿ, ನಿಂತು ಕೆಲಸ ಮಾಡುವ ಎತ್ತರದ ಮೇಜು ತರಿಸಿದೆ. ಮೊದಲ ವಾರ ದಿನಕ್ಕೆ ಆರು ಗಂಟೆ ನಿಂತೆ. ಹಿಮ್ಮಡಿ ನೋವು ಶುರುವಾಯಿತು, ಸಂಜೆ ಎರಡೂ ಪಾದ ಊದತೊಡಗಿದವು. ಈಗ ಆ ಮೇಜಿನ ಮೇಲೆ ಕಡತಗಳಿವೆ. ಸೊಂಟ ನೋವು ಎರಡು ವರ್ಷದಿಂದ ಇದೆ, ಸಂಜೆ ಹೆಚ್ಚು, ರಜೆಯಲ್ಲಿ ಕಡಿಮೆ. ಕಳೆದ ತಿಂಗಳ ರಕ್ತ ಪರೀಕ್ಷೆಯಲ್ಲಿ ಸಕ್ಕರೆಯ ಮಟ್ಟ ತೋರಿಸುವ ಎಚ್‌ಬಿಎ1ಸಿ 5.9 ಬಂತು, ಉಳಿದದ್ದೆಲ್ಲ ಸರಿಯಿದೆ. ನನ್ನ ಬೆಳಗಿನ ನಡಿಗೆ ದಂಡವೇ? ಒಳ್ಳೆಯ ಕುರ್ಚಿ ಕೊಂಡರೆ ಸಾಕೇ? ಇಲ್ಲ, ಕೆಲಸವನ್ನೇ ಬದಲಿಸಬೇಕೇ?

ಉತ್ತರ: ಆ ಮೇಜಿನ ಮೇಲೆ ಈಗ ಕಡತಗಳಿವೆ ಅಂದಿರಲ್ಲ, ಓದಿ ನಗು ಬಂತು. ನನ್ನ ಬಳಿ ಬರುವ ರೋಗಿಗಳಲ್ಲಿ ಇಂಥ ಮೇಜು ಕೊಂಡವರು ಬಹಳ ಮಂದಿ. ಕೆಲವರ ಮನೆಯಲ್ಲಿ ಅದರ ಮೇಲೆ ಮಡಚದ ಬಟ್ಟೆ ಇರುತ್ತದೆ, ಕೆಲವರಲ್ಲಿ ಮಕ್ಕಳ ಶಾಲೆಯ ಚೀಲ. ಇವರು ಯಾರೂ ಸೋಮಾರಿಗಳಲ್ಲ. ಇವರಿಗೆ ಸಿಕ್ಕ ಸಲಹೆಯೇ ಅರೆಬೆಂದದ್ದು.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದೇ ಗಂಟಾಗಿ ಕೂತಿವೆ. ಹೃದಯಕ್ಕೆ, ಆಯುಷ್ಯಕ್ಕೆ ಏಟು ಬೀಳುತ್ತಿದೆಯೇ ಎಂಬುದು ಒಂದು. ಸೊಂಟ ಇನ್ನೊಂದು. ಸಕ್ಕರೆ ಮತ್ತೊಂದು. ಮೂರಕ್ಕೂ ಕುರ್ಚಿಯೇ ಅಪರಾಧಿ ಎಂದು ನೀವು ಆಗಲೇ ತೀರ್ಪು ಬರೆದಿದ್ದೀರಿ. ಕುರ್ಚಿಗೆ ಪಾಲಿದೆ, ಇಲ್ಲವೆನ್ನುವುದಿಲ್ಲ. ಆದರೆ ಮೂರರಲ್ಲೂ ಅದರ ಪಾಲು ಒಂದೇ ಅಲ್ಲ, ಹಾಗಾಗಿ ಗಂಟು ಬಿಚ್ಚಿಯೇ ನೋಡಬೇಕು.

ಮೊದಲು ಸಿಗರೇಟಿನ ಮಾತು ಮುಗಿಸಿಬಿಡೋಣ. ಆ ಹೋಲಿಕೆ ಕೇಳಲು ಚೆನ್ನಾಗಿದೆ, ಲೆಕ್ಕದಲ್ಲಿ ನಿಲ್ಲುವುದಿಲ್ಲ. 2018ರಲ್ಲಿ ಸಂಶೋಧಕರ ಒಂದು ತಂಡ ಎರಡರ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಸಿಗರೇಟು ಸೇದುವವರಲ್ಲಿ ಅಕಾಲ ಮರಣದ ಅಪಾಯ ಸೇದದವರಿಗಿಂತ ಸುಮಾರು ಶೇಕಡ 180ರಷ್ಟು ಹೆಚ್ಚು. ತುಂಬ ಹೊತ್ತು ಕೂರುವವರಲ್ಲಿ, ಕಡಿಮೆ ಕೂರುವವರಿಗಿಂತ ಸುಮಾರು ಶೇಕಡ 25ರಷ್ಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದರಿಂದ ಕೂರುವವರು ಸುಮ್ಮನೆ ಹೆದರುತ್ತಾರೆ. ಅದಕ್ಕಿಂತ ಕೆಟ್ಟ ಪರಿಣಾಮ ಇನ್ನೊಂದಿದೆ: ಸೇದುವವನು 'ಹೇಗೂ ನೀವೂ ಕೂತೇ ಇದ್ದೀರಲ್ಲ' ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ. ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಹಾಗಾದರೆ ಕೂರುವುದರಲ್ಲಿ ಕೇಡೇ ಇಲ್ಲವೇ? ಇದೆ. ಕೂತು ಕೆಲಸ ಮಾಡುವವರ ಮೈ ಕೆಡುತ್ತದೆ ಎಂಬುದು ಹೊಸ ಮಾತೇನೂ ಅಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜೀನಿ 1700ರಲ್ಲೇ ಕಸುಬುದಾರರ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಬಾಗಿ ಕೂತು ಹೊಲಿಯುವ ದರ್ಜಿಗಳ, ಚಮ್ಮಾರರ ಕಷ್ಟಗಳನ್ನು ದಾಖಲಿಸಿದ್ದ. ಆದರೆ ಅಂಕಿಸಂಖ್ಯೆಯೊಂದಿಗೆ ಇದನ್ನು ಮುಂದಿಟ್ಟವರು ಲಂಡನ್ನಿನ ಜೆರ್ರಿ ಮಾರಿಸ್ ಮತ್ತು ಸಂಗಡಿಗರು, 1953ರಲ್ಲಿ. ಅವರು ಆರಿಸಿಕೊಂಡದ್ದು ಲಂಡನ್ನಿನ ಎರಡಂತಸ್ತಿನ ಬಸ್ಸುಗಳನ್ನು. ಒಂದೇ ಬಸ್ಸು, ಒಂದೇ ಸಂಸ್ಥೆ, ಹೆಚ್ಚುಕಡಿಮೆ ಒಂದೇ ಸಂಬಳದ ಬದುಕು. ಚಾಲಕ ದಿನವಿಡೀ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಹರಿಯುತ್ತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಇತ್ತು, ಬಂದರೂ ತಡವಾಗಿ ಬರುತ್ತಿತ್ತು, ಅಷ್ಟು ಮಾರಕವಾಗಿಯೂ ಇರುತ್ತಿರಲಿಲ್ಲ.

ಈ ಕತೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇಷ್ಟವಾದದ್ದು ಮುಂದಿನ ಭಾಗ. ಮಾರಿಸ್ ತಂಡದವರು ಮೂರು ವರ್ಷ ಕಳೆದ ಮೇಲೆ ಬಸ್ ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದರು. ಚಾಲಕರ ಪ್ಯಾಂಟಿನ ಸೊಂಟದ ಸುತ್ತಳತೆ ಎಳೆಯ ವಯಸ್ಸಿನಲ್ಲೇ ಕಂಡಕ್ಟರುಗಳದ್ದಕ್ಕಿಂತ ಹೆಚ್ಚಿತ್ತು. ಅಂದರೆ ಚಾಲಕನ ಸೀಟು ಅವರನ್ನು ಹಾಗೆ ಮಾಡಿತೋ, ಅಥವಾ ಮೊದಲೇ ಸ್ವಲ್ಪ ದಪ್ಪಗಿದ್ದವರು ಆ ಸೀಟನ್ನು ಆರಿಸಿಕೊಂಡರೋ? ತಮ್ಮದೇ ಸಂಶೋಧನೆಗೆ ತಾವೇ ಇಂಥ ಪ್ರಶ್ನೆ ಹಾಕಿಕೊಳ್ಳುವುದಕ್ಕೆ ಎದೆಗಾರಿಕೆ ಬೇಕು. ಕೂರುವುದರ ಬಗ್ಗೆ ಬರುವ ಪ್ರತಿಯೊಂದು ಭಯಾನಕ ತಲೆಬರಹವನ್ನೂ ಓದುವಾಗ ನನಗೆ ಆ ಪ್ಯಾಂಟುಗಳು ನೆನಪಾಗುತ್ತವೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಬೆಳಗಿನ ನಡಿಗೆ ದಂಡವೇ ಎಂಬುದು. ಖಂಡಿತ ಅಲ್ಲ. 2016ರಲ್ಲಿ ಪ್ರಕಟವಾದ, ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ, ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೂರುವವರಾದರೂ 60ರಿಂದ 75 ನಿಮಿಷ ಚುರುಕಾಗಿ ಮೈ ದಣಿಸುವವರಲ್ಲಿ ಸಾವಿನ ಹೆಚ್ಚುವರಿ ಅಪಾಯ ಕಾಣಲಿಲ್ಲ. ಆದರೆ ಅದರಲ್ಲಿ ಜನ ತಾವೇ ಹೇಳಿದ ಲೆಕ್ಕವಿತ್ತು. ವ್ಯಾಯಾಮದ ವಿಷಯದಲ್ಲಿ ಎಲ್ಲರೂ ತುಸು ಧಾರಾಳಿಗಳು. 2020ರಲ್ಲಿ ಸುಮಾರು 44 ಸಾವಿರ ಜನರಿಗೆ ಚಲನೆ ಅಳೆಯುವ ಸಾಧನ ಕಟ್ಟಿ ಪಡೆದ ಮಾಹಿತಿಯನ್ನು ನೋಡಿದಾಗ 30ರಿಂದ 40 ನಿಮಿಷದಲ್ಲೇ ಆ ಅಪಾಯ ಬಹಳಷ್ಟು ಕರಗುವುದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ನಿಮ್ಮದು 225 ನಿಮಿಷ ಆಗುತ್ತದೆ. ಆ ವಾಟ್ಸ್ಆ್ಯಪ್ ಸಂದೇಶ ನಂಬಿ ಬೆಳಗಿನ ನಡಿಗೆ ಬಿಟ್ಟಿದ್ದರೆ ಅದೇ ದೊಡ್ಡ ನಷ್ಟವಾಗುತ್ತಿತ್ತು.

ಅಷ್ಟಾದ ಮೇಲೂ ನಿಮ್ಮ ಪಾದ ಊದಿದೆ, ಸೊಂಟ ನೋಯುತ್ತಿದೆ, ಸಕ್ಕರೆ ಗೆರೆ ದಾಟಿದೆ. ಏಕೆ?

ರೋಗಿಗಳನ್ನು ನಾನು 'ದಿನಕ್ಕೆ ಎಷ್ಟು ಗಂಟೆ ಕೂರುತ್ತೀರಿ' ಎಂದು ಮೊದಲು ಕೇಳುವುದಿಲ್ಲ. ಕೇಳುವುದು, 'ಒಂದು ಸಲ ಕೂತರೆ ಮತ್ತೆ ಏಳುವುದು ಯಾವಾಗ' ಎಂದು. ಹತ್ತು ಗಂಟೆ ಕೂರುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರು ಅರ್ಧ ಗಂಟೆಗೊಮ್ಮೆ ಏಳುತ್ತಾರೆ, ಇನ್ನೊಬ್ಬರು ನಿಮ್ಮ ಹಾಗೆ ಒಂಬತ್ತಕ್ಕೆ ಕೂತು ಒಂದೂವರೆಗೆ ಏಳುತ್ತಾರೆ. ಒಟ್ಟು ಲೆಕ್ಕ ಒಂದೇ, ಕಾಲಿನೊಳಗೆ ನಡೆಯುವುದು ಒಂದೇ ಅಲ್ಲ.

ಕಾಲಿನೊಳಗೆ ನಡೆಯುವುದೇನು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೃದಯ ರಕ್ತವನ್ನು ಪಾದದವರೆಗೆ ತಳ್ಳುತ್ತದೆ. ಅಲ್ಲಿಂದ ಮೇಲೆ ಬರಬೇಕಾದದ್ದು ಭೂಮಿಯ ಸೆಳೆತಕ್ಕೆ ಎದುರಾಗಿ. ಆ ಕೆಲಸಕ್ಕೆ ದೇಹ ಇಟ್ಟುಕೊಂಡಿರುವ ಪಂಪು ಮೀನಖಂಡ. ಹೆಜ್ಜೆ ಇಟ್ಟಾಗಲೆಲ್ಲ ಮೀನಖಂಡ ಬಿಗಿದು, ಒಳಗಿನ ಅಭಿಧಮನಿಗಳನ್ನು ಹಿಂಡಿ, ರಕ್ತವನ್ನು ಮೇಲಕ್ಕೆ ದೂಡುತ್ತದೆ; ಕವಾಟಗಳು ಅದನ್ನು ಕೆಳಗೆ ಜಾರದಂತೆ ಹಿಡಿಯುತ್ತವೆ. ಕೂತಾಗ ಈ ಪಂಪು ಬಂದ್. ಮೇಲಾಗಿ ತೊಡೆಸಂದಿಯಲ್ಲಿ, ಮಂಡಿಯ ಹಿಂದೆ ರಕ್ತನಾಳಗಳು ಮಡಚಿಕೊಂಡಿರುತ್ತವೆ. ರಕ್ತ ಕೆಳಗೆ ತಂಗುತ್ತದೆ, ನೀರು ನಾಳದಿಂದ ಜಿನುಗಿ ಸುತ್ತಲ ಅಂಗಾಂಶಕ್ಕೆ ಸೇರುತ್ತದೆ. ಇಂದು ಸಂಜೆ ಕಾಲುಚೀಲ ತೆಗೆದಾಗ ಅದರ ಅಂಚಿನ ಗುರುತು ನೋಡಿ. ಆಮೇಲೆ ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಮೇಲೆ, ಹೆಬ್ಬೆರಳಿಂದ ಒತ್ತಿ ಹತ್ತು ಎಣಿಸಿ, ಬಿಡಿ. ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಂಡರೆ ನೀವು ನೋಡುತ್ತಿರುವುದು ಇದನ್ನೇ. ಬೆಳಿಗ್ಗೆ ಎದ್ದ ಕೂಡಲೇ ಅದೇ ಜಾಗದಲ್ಲಿ ಒತ್ತಿ ನೋಡಿ. ಗುಳಿ ಬೀಳದಿದ್ದರೆ, ಎರಡೂ ಕಾಲು ಒಂದೇ ಥರ ಇದ್ದರೆ, ಅದು ಹೆಚ್ಚಾಗಿ ತಂಗಿದ ನೀರು. ಬೆಳಿಗ್ಗೆಯೂ ಊತ ಇಳಿಯದಿದ್ದರೆ ಹೃದಯ, ಮೂತ್ರಪಿಂಡ, ಥೈರಾಯ್ಡ್ ಕಡೆ ನೋಡಬೇಕಾಗುತ್ತದೆ, ಕೆಲವು ಬಿ.ಪಿ. ಮಾತ್ರೆಗಳಿಂದಲೂ ಪಾದ ಊದುತ್ತದೆ.

ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳದ್ದು ಹೀಗಾದರೆ, ಹೃದಯದಿಂದ ರಕ್ತ ತರುವ ಅಪಧಮನಿಗಳದ್ದು ಇನ್ನೊಂದು ಕತೆ. ನಾಳದ ಒಳಗೋಡೆಯ ಮೇಲೆ ರಕ್ತ ಉಜ್ಜಿಕೊಂಡು ಹರಿಯುವುದೇ ಆ ಗೋಡೆಗೆ ಆಹಾರವಿದ್ದಂತೆ. ಉಜ್ಜಾಟ ಕಡಿಮೆಯಾದರೆ ಗೋಡೆ ಬಿಡುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗಿ, ನಾಳ ಹಿಗ್ಗುವ ಗುಣ ಕುಂದುತ್ತದೆ. ಒಂದೇ ಸಮನೆ ಮೂರು ಗಂಟೆ ಕೂತ ಆರೋಗ್ಯವಂತ ಯುವಕರಲ್ಲೂ ಇದನ್ನು ಅಳೆದು ತೋರಿಸಿದ್ದಾರೆ. ಗಂಟೆಗೊಮ್ಮೆ ಐದು ನಿಮಿಷ ನಡೆದವರಲ್ಲಿ ಹೀಗೆ ಕುಂದಲಿಲ್ಲ. ಇದಕ್ಕಿಂತ ಮಜಾ ಪ್ರಯೋಗ 2016ರದ್ದು. ಹನ್ನೊಂದು ಮಂದಿಯನ್ನು ಮೂರು ಗಂಟೆ ಕೂರಿಸಿ, ಒಂದು ಕಾಲನ್ನು ಮಾತ್ರ ನಡುನಡುವೆ ಒಂದು ನಿಮಿಷ ಅಲ್ಲಾಡಿಸಲು ಹೇಳಿದರು, ಇನ್ನೊಂದು ಕಾಲು ಅಲುಗಬಾರದು. ಅಲ್ಲಾಡಿದ ಕಾಲಿನ ಅಪಧಮನಿ ಚೆನ್ನಾಗಿಯೇ ಇತ್ತು. ಸುಮ್ಮನಿದ್ದ ಕಾಲಿನದ್ದು ಮಂಕಾಗಿತ್ತು. ಒಬ್ಬನೇ ಮನುಷ್ಯ, ಒಂದೇ ಕುರ್ಚಿ, ಎರಡು ಕಾಲುಗಳ ಎರಡು ಗತಿ! ಚಿಕ್ಕಂದಿನಲ್ಲಿ 'ಕಾಲು ಅಲ್ಲಾಡಿಸಬೇಡ' ಎಂದು ಗದರಿಸಿಕೊಂಡವರಿಗೆಲ್ಲ ಇದನ್ನು ಓದಿ ಹೇಳಬೇಕೆನಿಸುತ್ತದೆ.

ಹಾಗಾಗಿ ಕೆಡುಕು ಇರುವುದು ಅಲುಗಾಡದಿರುವುದರಲ್ಲಿ. ಕೂರುವುದು ಅದಕ್ಕೆ ತೀರಾ ಅನುಕೂಲವಾದ ಭಂಗಿ, ಅಷ್ಟೇ. ಟಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆಗೆಣಸು ಕಿತ್ತು ಬದುಕುವ ಹಡ್ಜಾ ಜನರನ್ನು ಅಳೆದ ಅಧ್ಯಯನವೊಂದು 2020ರಲ್ಲಿ ಬಂತು. ಅವರೂ ದಿನಕ್ಕೆ ಸುಮಾರು ಹತ್ತು ಗಂಟೆ ವಿಶ್ರಾಂತಿಯ ಭಂಗಿಯಲ್ಲೇ ಇರುತ್ತಾರೆ, ನಮ್ಮ ನಿಮ್ಮಷ್ಟೇ! ಆದರೆ ಅವರ ವಿಶ್ರಾಂತಿಯಲ್ಲಿ ಕುಕ್ಕರಗಾಲು, ಮಂಡಿಯೂರಿ ಕೂರುವುದು ಬಹಳ. ಆ ಭಂಗಿಗಳಲ್ಲಿ ಕಾಲಿನ ಸ್ನಾಯುಗಳು ಪೂರ್ತಿ ನಿದ್ದೆ ಹೋಗುವುದಿಲ್ಲ. ಎದ್ದಾಗ ಅವರು ನಮಗಿಂತ ಎಷ್ಟೋ ಹೆಚ್ಚು ಓಡಾಡುತ್ತಾರೆ ಎಂಬುದನ್ನೂ ಮರೆಯಬಾರದು. ಹಾಗೆಂದು ನಾಳೆಯಿಂದ ನೀವು ಕುಕ್ಕರಗಾಲಿನಲ್ಲಿ ಲೆಕ್ಕ ಬರೆಯಬೇಕು ಎಂದಲ್ಲ. ಮಂಡಿ ಸವೆದವರಿಗೆ ಅದು ತೊಂದರೆಯೇ.

ನಿಮ್ಮ ಎತ್ತರದ ಮೇಜು ಎಲ್ಲಿ ಎಡವಿತು ಎನ್ನುವುದೂ ಇದರಿಂದ ಗೊತ್ತಾಗುತ್ತದೆ. ಕೂತು ಅಲುಗದೆ ಇದ್ದವರು ನಿಂತು ಅಲುಗದೆ ಇದ್ದಿರಿ. ಬಾಣಲೆಯಿಂದ ಬೆಂಕಿಗೆ. ಅಲುಗದೆ ನಿಂತಾಗ ಕಾಲಿನ ಅಭಿಧಮನಿಗಳ ಮೇಲಿನ ಒತ್ತಡ ಕೂತಾಗಿನದ್ದಕ್ಕಿಂತಲೂ ಜಾಸ್ತಿ, ಪಂಪು ಮಾತ್ರ ಹಾಗೇ ಬಂದ್. ಪಾದ ಊದದೆ ಇನ್ನೇನು? ತೂಕ ಇಳಿಯುತ್ತದೆ ಎಂಬ ಆಸೆಯಿದ್ದರೆ ಅದನ್ನೂ ಬಿಡಿ. ನಿಂತರೆ ಕೂತದ್ದಕ್ಕಿಂತ ಹೆಚ್ಚು ಕರಗುವುದು ನಿಮಿಷಕ್ಕೆ ಸುಮಾರು 0.15 ಕ್ಯಾಲೊರಿ. ಆರು ಗಂಟೆ ಹಿಮ್ಮಡಿ ನೋಯಿಸಿಕೊಂಡು ಗಳಿಸಿದ್ದು 54 ಕ್ಯಾಲೊರಿ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಕೆನಡಾದ ಒಂಟೇರಿಯೊದಲ್ಲಿ ಸುಮಾರು 7,300 ಉದ್ಯೋಗಿಗಳನ್ನು ಹನ್ನೆರಡು ವರ್ಷ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುಪಾಲು ನಿಂತೇ ಮಾಡುವ ಕೆಲಸದವರಲ್ಲಿ ಹೃದಯದ ಕಾಯಿಲೆ ಬಹುಪಾಲು ಕೂತು ಮಾಡುವವರಿಗಿಂತ ಸುಮಾರು ಎರಡು ಪಟ್ಟು ಕಂಡುಬಂತು. ಇದೂ ಗಮನಿಸಿ ಬರೆದ ಲೆಕ್ಕವೇ, ಪ್ಯಾಂಟಿನ ಪ್ರಶ್ನೆ ಇಲ್ಲಿಗೂ ಅನ್ವಯ. ಆದರೂ 'ನಿಂತರೆ ಎಲ್ಲ ಸರಿ' ಎನ್ನುವವರ ಬಾಯಿಗೆ ಬೀಗ ಹಾಕಲು ಸಾಕು.

ಸಕ್ಕರೆಗೆ ಬರೋಣ. 5.7ರಿಂದ 6.4ರವರೆಗಿನ ಎಚ್‌ಬಿಎ1ಸಿಯನ್ನು ಪೂರ್ವಮಧುಮೇಹ ಎನ್ನುತ್ತಾರೆ. ನಿಮ್ಮ 5.9 ಗಾಬರಿಪಡುವ ಅಂಕಿಯಲ್ಲ, ಕಣ್ಣು ಮುಚ್ಚಿಕೊಳ್ಳುವ ಅಂಕಿಯೂ ಅಲ್ಲ. ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಗಿರಾಕಿ ಸ್ನಾಯು, ಅದರಲ್ಲೂ ತೊಡೆ ಮತ್ತು ಪೃಷ್ಠದ ಸ್ನಾಯುಗಳು. ಸ್ನಾಯುವಿನ ಕೋಶಕ್ಕೆ ಸಕ್ಕರೆ ಒಳಹೋಗಲು ಎರಡು ಬೀಗದಕೈ ಇವೆ ಎಂದುಕೊಳ್ಳಿ. ಒಂದು ಇನ್ಸುಲಿನ್. ಇನ್ನೊಂದು ಸ್ನಾಯು ತಾನೇ ಸಂಕುಚಿಸುವುದು. ಸಂಕುಚಿಸಿದರೆ ಇನ್ಸುಲಿನ್ನಿನ ಅಪ್ಪಣೆಗೂ ಕಾಯದೆ ಬಾಗಿಲು ತೆರೆಯುತ್ತದೆ. ನೀವು ಊಟ ಮಾಡಿ ನೇರ ಕುರ್ಚಿಗೆ ಮರಳಿದಾಗ ಎರಡನೆಯ ಬೀಗದಕೈ ಜೇಬಿನಲ್ಲೇ ಉಳಿಯುತ್ತದೆ, ಭಾರವೆಲ್ಲ ಇನ್ಸುಲಿನ್ನಿನ ಮೇಲೆ. ಆಸ್ಟ್ರೇಲಿಯಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತೂಕ ಹೆಚ್ಚಿದ್ದ ಮಧ್ಯವಯಸ್ಕರಿಗೆ ಸಕ್ಕರೆ ಇರುವ ಪಾನೀಯ ಕೊಟ್ಟು ಐದು ಗಂಟೆ ಕೂರಿಸಿದರು. ಇಪ್ಪತ್ತು ನಿಮಿಷಕ್ಕೊಮ್ಮೆ ಎರಡೇ ನಿಮಿಷ ನಿಧಾನವಾಗಿ ನಡೆದ ದಿನ, ಅಲುಗದೆ ಕೂತ ದಿನಕ್ಕಿಂತ ರಕ್ತದ ಸಕ್ಕರೆಯ ಏರಿಕೆ ಸುಮಾರು ಕಾಲುಭಾಗ ಕಡಿಮೆಯಾಯಿತು. ಬಿರುಸಾಗಿ ನಡೆದರೂ ಹೆಚ್ಚುಕಡಿಮೆ ಅಷ್ಟೇ.

ಇಂಥ ಪ್ರಯೋಗಗಳು ಚಿಕ್ಕವು, ಒಂದೆರಡು ದಿನದವು. ಹಾಗೆ ನಡೆದವರಿಗೆ ಮುಂದೆ ಮಧುಮೇಹ ಬರುವುದೇ ಇಲ್ಲ ಎಂದು ಇವುಗಳಿಂದ ಹೇಳಲಾಗದು. ನಿಮ್ಮ 5.9ಕ್ಕೆ ಕುರ್ಚಿಯೊಂದೇ ಕಾರಣ ಎನ್ನಲೂ ಆಗದು. ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತೇ, ಸೊಂಟದ ಸುತ್ತಳತೆ ಎಷ್ಟು, ರಾತ್ರಿ ಎಷ್ಟು ಗಂಟೆ ನಿದ್ದೆ, ತಟ್ಟೆಯಲ್ಲಿ ಏನಿರುತ್ತದೆ, ಇದೊಂದನ್ನೂ ನೀವು ಬರೆದಿಲ್ಲ. ಇವುಗಳ ಪಾಲು ಕುರ್ಚಿಯ ಪಾಲಿಗಿಂತ ದೊಡ್ಡದಿರಬಹುದು. ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಮೂರು ತಿಂಗಳ ನಂತರ ಪರೀಕ್ಷೆ ಮತ್ತೆ ಮಾಡಿಸಿ. ಅದಕ್ಕೆ ಮೊದಲೇ ಮಾಡಿಸಿ ಪ್ರಯೋಜನವಿಲ್ಲ, ಏಕೆಂದರೆ ಎಚ್‌ಬಿಎ1ಸಿ ತೋರಿಸುವುದೇ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು.

ಇನ್ನು ಸೊಂಟ. ಕೂತರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಜಜ್ಜಿಹೋಗುತ್ತದೆ ಎಂಬ ಮಾತಿನ ಮೂಲ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಅವರ ಅಳತೆಗಳು. 1960ರ ದಶಕದಿಂದ ಅವರು ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡ ಅಳೆದು, ಕೂತಾಗ ನಿಂತದ್ದಕ್ಕಿಂತ ಹೆಚ್ಚು ಎಂದರು. ಆ ಚಿತ್ರ ಇಂದಿಗೂ ಎಷ್ಟೋ ಕ್ಲಿನಿಕ್ಕುಗಳ ಗೋಡೆಯ ಮೇಲಿದೆ. 1999ರಲ್ಲಿ ಜರ್ಮನಿಯ ತಂಡವೊಂದು ಹೊಸ ಉಪಕರಣದಿಂದ ಒಬ್ಬ ಸ್ವಯಂಸೇವಕನ ಡಿಸ್ಕಿನಲ್ಲಿ ಅಳೆದಾಗ, ಆರಾಮಾಗಿ ಕೂತಾಗಿನ ಒತ್ತಡ ನಿಂತಾಗಿನದ್ದಕ್ಕಿಂತ ಕಡಿಮೆಯೇ ಇತ್ತು. ಒಬ್ಬನೇ ವ್ಯಕ್ತಿ, ನಿಜ. ಆದರೆ ಗೋಡೆಯ ಚಿತ್ರ ಕೊನೆಯ ಮಾತಲ್ಲ ಎನ್ನಲು ಅಷ್ಟು ಸಾಕು. 'ಸರಿಯಾದ ಭಂಗಿ' ಎಂಬ ಒಂದೇ ಭಂಗಿಯೂ ಇಲ್ಲ. ಬೆನ್ನು ಸೆಟೆಸಿ ಕೂತ ರೋಗಿಗಳೂ ಸಂಜೆಗೆ ನೋವು ಎನ್ನುತ್ತಲೇ ಬರುತ್ತಾರೆ, ಕೆಲವೊಮ್ಮೆ ಬಾಗಿ ಕೂತವರಿಗಿಂತ ಹೆಚ್ಚು. ಒಂದೇ ಸ್ನಾಯು ಒಂದೇ ಭಾರವನ್ನು ನಾಲ್ಕು ಗಂಟೆ ಹೊತ್ತರೆ ದಣಿಯುತ್ತದೆ, ದಣಿದದ್ದು ನೋಯುತ್ತದೆ. ರಜೆಯಲ್ಲಿ ಕಡಿಮೆ, ಸಂಜೆ ಹೆಚ್ಚು ಎಂಬ ನಿಮ್ಮ ವಿವರ ಇದಕ್ಕೇ ಹೊಂದುತ್ತದೆ. ಎಂ.ಆರ್.ಐ. ಬೇಡ ಎಂದೇ ನನ್ನ ಅಭಿಪ್ರಾಯ. ನಿಮ್ಮ ವಯಸ್ಸಿನಲ್ಲಿ ನೋವೇ ಇಲ್ಲದವರ ಎಂ.ಆರ್.ಐ.ನಲ್ಲೂ ಡಿಸ್ಕ್ ಉಬ್ಬಿರುವುದು, ಒಣಗಿರುವುದು ಸಾಮಾನ್ಯವಾಗಿ ಕಾಣುತ್ತದೆ. ಆ ವರದಿಯನ್ನು ಒಮ್ಮೆ ಓದಿದವರು ಆಮೇಲೆ ಬಗ್ಗಲೂ ಹೆದರುತ್ತಾರೆ. ಆ ಹೆದರಿಕೆ ಬಿಡಿಸಲು ನನಗೆ ನೋವು ಬಿಡಿಸುವುದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ.

ಆದರೆ ಕೆಲವು ಚಿಹ್ನೆಗಳು ಕಂಡರೆ ಮಾತು ಬೇರೆ. ಕಾಲಿನಲ್ಲಿ ಶಕ್ತಿ ಕುಂದಿದರೆ, ಪಾದ ಎತ್ತಲಾಗದೆ ಎಡವತೊಡಗಿದರೆ, ಗುದ ಜನನಾಂಗಗಳ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೂ ಮುಂದೂಡಬೇಡಿ.

ಇನ್ನೊಂದು ಎಚ್ಚರಿಕೆ. ಇದು ಅಪರೂಪ, ಆದರೆ ಹೇಳದೆ ಬಿಡಲಾರೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಜನ ನೆಲದಡಿಯ ಆಶ್ರಯಗಳಲ್ಲಿ ಮಡಚುಕುರ್ಚಿಗಳ ಮೇಲೆ ಕೂತೇ ರಾತ್ರಿ ಕಳೆಯುತ್ತಿದ್ದರು. ಅವರಲ್ಲಿ ಕೆಲವರು ಇದ್ದಕ್ಕಿದ್ದಂತೆ ಸತ್ತರು. ಶವಪರೀಕ್ಷೆ ಮಾಡುತ್ತಿದ್ದ ವೈದ್ಯ ಕೀತ್ ಸಿಂಪ್ಸನ್ 1940ರಲ್ಲಿ ಕಾರಣ ಬರೆದರು: ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಇಂದು ಇದನ್ನು ದೂರದ ವಿಮಾನ ಪ್ರಯಾಣದೊಂದಿಗೆ ಜೋಡಿಸಿ ಮಾತಾಡುತ್ತೇವೆ, ಮೇಜಿನ ಮುಂದೆ ಕೂತವರಿಗೂ ಆಗಬಹುದು. ನನ್ನ ರೋಗಿಯೊಬ್ಬರು ಒಂದು ಕೆಲಸ ಮುಗಿಸುವ ಭರದಲ್ಲಿ ಮೂರು ದಿನ ಏಳದೆ ಕೂತಿದ್ದರು. ಎಡ ಮೀನಖಂಡ ಬಿಗಿದು ನೋಯುತ್ತಿತ್ತು. 'ಓಡುವಾಗ ಉಳುಕಿರಬೇಕು, ಮಾಲೀಸು ಮಾಡಿಸಿಕೊಂಡೆ' ಎಂದರು. ಟೇಪಿನಿಂದ ಅಳೆದೆ. ಎಡಗಾಲು ಬಲಗಾಲಿಗಿಂತ ಮೂರೂವರೆ ಸೆಂಟಿಮೀಟರ್ ದಪ್ಪ. ಸ್ಕ್ಯಾನಿನಲ್ಲಿ ಹೆಪ್ಪು ಕಂಡಿತು. ಅವರು ಗುಣವಾದರು, ಆದರೆ ಆ ಮಾಲೀಸನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬೇಡಿ, ಅಂದೇ ತೋರಿಸಿ. ಜೊತೆಗೆ ಏದುಸಿರು, ಎದೆನೋವು ಬಂದರೆ ತುರ್ತು ವಿಭಾಗಕ್ಕೆ. ಹಿಂದೆ ಹೆಪ್ಪು ಕಟ್ಟಿದವರು, ಗರ್ಭಿಣಿಯರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ಇರುವವರು ಹೆಚ್ಚು ಜಾಗರೂಕರಾಗಿರಬೇಕು. ನಿಮ್ಮ ಊತ ಎರಡೂ ಪಾದಕ್ಕೆ ಸಮನಾಗಿ ಬಂದು, ನಿಂತ ವಾರದಲ್ಲೇ ಶುರುವಾದದ್ದರಿಂದ ನನಗೆ ಆ ಅನುಮಾನ ಕಡಿಮೆ.

ಸರಿ, ಮಾಡುವುದೇನು? ಎಲ್ಲಕ್ಕಿಂತ ಹೆಚ್ಚು ಲಾಭ, ಎಲ್ಲಕ್ಕಿಂತ ಕಡಿಮೆ ಅಪಾಯ ಇರುವುದು ಅರ್ಧ ಗಂಟೆಗೊಮ್ಮೆ ಎದ್ದು ಎರಡು ಮೂರು ನಿಮಿಷ ಓಡಾಡುವುದರಲ್ಲಿ. ಅರ್ಧ ಗಂಟೆ ಎಂಬುದು ಕಲ್ಲಿನ ಮೇಲಿನ ಬರಹವೇನಲ್ಲ; ಎಷ್ಟು ಹೊತ್ತಿನವರೆಗೆ ಕೂರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂಕಿ ಕೊಟ್ಟಿಲ್ಲ. 'ಆಗುತ್ತದೆಯೇ, ಲೆಕ್ಕ ತಪ್ಪಿಹೋಗುತ್ತದೆ' ಎಂದು ನೀವು ಹೇಳುತ್ತೀರಿ, ಗೊತ್ತು. ಗಮನ ಕದಡುತ್ತದೆ ಎಂಬುದು ನಿಜವಾದ ತೊಡಕು. ಗಡಿಯಾರದ ಅಲಾರಂ ಇದಕ್ಕೆ ಕೆಟ್ಟ ಉಪಾಯ. ನಾಲ್ಕನೇ ದಿನ ಅದನ್ನು ನೋಡದೆಯೇ ಆರಿಸುತ್ತೀರಿ. ಗಡಿಯಾರಕ್ಕೆ ಕಟ್ಟುವ ಬದಲು ಕೆಲಸಕ್ಕೇ ಕಟ್ಟಿ. ಒಂದು ಖಾತೆ ಮುಗಿದರೆ ಏಳುವುದು. ಫೋನು ಬಂದರೆ ನಡೆಯುತ್ತಲೇ ಮಾತು. ನೀರಿನ ಬಾಟಲಿ ಚಿಕ್ಕದಿರಲಿ, ತುಂಬಿಸಲು ಏಳಬೇಕಾಗಲಿ, ಕುಡಿದದ್ದು ಇನ್ನೊಮ್ಮೆ ಎಬ್ಬಿಸಲಿ. ನಾನೂ ಕೂತೇ ದುಡಿಯುವವನು, ಬೇರೆಯವರಿಗೆ 'ಏಳಿ ಏಳಿ' ಎಂದು ಹೇಳುತ್ತ ಕೂತಿರುವವನು. ಒಂದು ದಿನ ಕಾಲ ಮೇಲೆ ಕಾಲು ಹಾಕಿ ಕೂತು ಚೀಟಿ ಬರೆಯುತ್ತಿದ್ದವನು ಎದ್ದಾಗ ಪಾದ ಜೋಮು ಹಿಡಿದು ರೋಗಿಯ ಮುಂದೆಯೇ ಮುಗ್ಗರಿಸಿದೆ. ಅಂದಿನಿಂದ ಪ್ರಿಂಟರನ್ನು ಕೋಣೆಯ ಆ ಮೂಲೆಗೆ ಹಾಕಿಸಿದ್ದೇನೆ. ಪ್ರತಿ ಚೀಟಿಗೂ ಎದ್ದು ಹೋಗಬೇಕು. ಬೇಸರವಾಗುತ್ತದೆ, ಬೇಸರವಾಗುವುದರಿಂದಲೇ ಅದು ಕೆಲಸ ಮಾಡುತ್ತದೆ.

ಏಳಲಾಗದ ಹೊತ್ತಿನಲ್ಲಿ, ಸಭೆಯಲ್ಲಿ ಸಿಕ್ಕಿಕೊಂಡಾಗ, ಮೇಜಿನಡಿಯಲ್ಲಿ ಹಿಮ್ಮಡಿ ಎತ್ತಿ ಇಳಿಸಿ. ಊಟವಾದ ಮೇಲೆ ಹತ್ತು ನಿಮಿಷದ ನಡಿಗೆ ಸಕ್ಕರೆಯ ಲೆಕ್ಕದಲ್ಲಿ ನಿಮಗೆ ಬಹಳ ಬೆಲೆಬಾಳುವಂಥದ್ದು, ಅದನ್ನು ಮಾತ್ರ ಚೌಕಾಸಿ ಮಾಡಬೇಡಿ.

ಎತ್ತರದ ಮೇಜನ್ನು ಬಳಸುವುದಾದರೆ ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ, ಭಾರವನ್ನು ಈ ಕಾಲಿಂದ ಆ ಕಾಲಿಗೆ ಬದಲಿಸುತ್ತ. ಮೆತ್ತನೆಯ ಅಡಿಯ ಚಪ್ಪಲಿ ಇರಲಿ. ಹಿಮ್ಮಡಿ ನೋವು ಬೆಳಿಗ್ಗೆ ಮೊದಲ ಹೆಜ್ಜೆಗಳಲ್ಲಿ ಚುಚ್ಚುವಂತಿದ್ದರೆ ಅದು ಪಾದದಡಿಯ ಪಟ್ಟಿ ಕೆರಳಿದ್ದು; ಇಳಿಯಲು ತಿಂಗಳುಗಳೇ ಬೇಕಾಗಬಹುದು, ಅಲ್ಲಿಯವರೆಗೆ ಓಡಲು ಹೋಗದೆ ನಡೆಯುವುದಷ್ಟನ್ನೇ ಇಟ್ಟುಕೊಳ್ಳಿ. ನಿಮ್ಮ ದಿನಚರಿಯಲ್ಲಿ ನನಗೆ ಕಂಡ ನಿಜವಾದ ಕೊರತೆ ಬೇರೆಯೇ ಇದೆ. ಸ್ನಾಯು ಬಲದ ವ್ಯಾಯಾಮ ಒಂದೂ ಇಲ್ಲ. ವಾರಕ್ಕೆ ಎರಡು ದಿನವಾದರೂ ಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದರಿಂದ ಶುರು ಮಾಡಿ. ಹಟಕ್ಕೆ ಬಿದ್ದು ಮೊದಲ ವಾರವೇ ಭಾರ ಎತ್ತಲು ಹೋಗಬೇಡಿ. ಆರು ಗಂಟೆ ನಿಂತ ನಿಮ್ಮ ಸ್ವಭಾವ ಗೊತ್ತಾಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಸೊಂಟಕ್ಕೆ ಬೆಲ್ಟು ಕಟ್ಟಿದರೆ ಒಂದೆರಡು ದಿನ ಹಾಯೆನಿಸುತ್ತದೆ, ತಿಂಗಳುಗಟ್ಟಲೆ ಕಟ್ಟಿದರೆ ಅದಿಲ್ಲದೆ ಕೂರುವ ಧೈರ್ಯವೇ ಹೋಗುತ್ತದೆ. ನೋವಿನ ಮಾತ್ರೆಗಳನ್ನು ನೀವಾಗಿಯೇ ತಿಂಗಳಾನುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಊತಕ್ಕೆ ಬಿಗಿ ಕಾಲುಚೀಲ ಉಪಯೋಗವಾಗುತ್ತದೆ, ಆದರೆ ಕಾಲಿನ ಅಪಧಮನಿ ಕಟ್ಟಿದವರಿಗೆ ಅದೇ ಅಪಾಯ. ಒಮ್ಮೆ ತೋರಿಸಿ ಹಾಕಿಕೊಳ್ಳಿ. ದೊಡ್ಡ ಚೆಂಡಿನ ಮೇಲೆ ಕೂರುವುದರ ಬಗ್ಗೆ ಕೇಳುವವರಿದ್ದಾರೆ. ಬಿದ್ದವರನ್ನು ನೋಡಿದ್ದೇನೆ, ಸೊಂಟ ಸರಿಯಾದವರನ್ನು ನೋಡಿಲ್ಲ.

ಕುರ್ಚಿ? ಪಾದ ನೆಲಕ್ಕೆ ತಾಗುವ, ಎತ್ತರ ಬದಲಿಸಬಹುದಾದ, ಬೆನ್ನಿಗೆ ಆಸರೆಯಿರುವ ಕುರ್ಚಿ ಸಾಕು. ಅದಕ್ಕಿಂತ ದುಬಾರಿಯದ್ದು ಕೊಂಡರೆ ಹಾಯಾಗಿರುತ್ತದೆ, ಹಾಯಾಗಿದ್ದಷ್ಟೂ ಏಳಲು ಮನಸ್ಸಾಗುವುದಿಲ್ಲ. ಕೆಲಸ ಬದಲಿಸುವ ಮಾತು ಬಿಡಿ. ತಿಂಗಳ ಕೊನೆಯ ಹನ್ನೆರಡು ಗಂಟೆಯ ದಿನಗಳಲ್ಲಿ ಬೆಳಗಿನ ನಡಿಗೆ ತಪ್ಪಿದರೂ ಬೇಸರ ಬೇಡ, ಅಂದು ಅರ್ಧ ಗಂಟೆಗೊಮ್ಮೆ ಏಳುವುದು ತಪ್ಪದಿರಲಿ.

ಆ ಎತ್ತರದ ಮೇಜನ್ನು ಮಾರಬೇಡಿ. ಕಡತಗಳೂ ಅದರ ಮೇಲೇ ಇರಲಿ. ಮೇಜನ್ನು ಮಾತ್ರ ನಿಮ್ಮ ಕುರ್ಚಿಯಿಂದ ಹದಿನೈದು ಹೆಜ್ಜೆ ಆಚೆಗೆ ಸರಿಸಿ. ಕಡತ ಬೇಕಾದಾಗ ಎದ್ದು ಹೋಗಿ, ಒಂದೇ ಒಂದನ್ನು ಎತ್ತಿಕೊಂಡು ಬನ್ನಿ. ಕೆಲಸವಾದ ಮೇಲೆ ಅದನ್ನು ವಾಪಸು ಅಲ್ಲೇ ಇಟ್ಟು ಬನ್ನಿ.